ಬೆಂಡೆ ಲೋಳೆಯ ಸಾಕ್ಷಿ

ಕೊಲಂಬಿಯ ಎಂಬ ಹೆಸರಿನ ದೇಶವೊಂದಿದೆ ಎಂದು ಮುದ್ದಮ್ಮನಿಗೆ ಗೊತ್ತಾದಾಗ ಅವಳಿಗೆ ಐವತ್ತಾರು ವರ್ಷ. ಅಷ್ಟು ಹೊತ್ತಿಗೆ ಅವಳು ಯಲಿಯೂರಿನ ಪುಟ್ಟರಾಜುವಿನ ಆಲೆಮನೆಯಲ್ಲಿ ಬೆಲ್ಲ ಬೇಯಿಸುವ ಕೊಪ್ಪರಿಗೆಯ ಮುಂದೆ ಮೂವತ್ತೇಳು ವರ್ಷ ಕಳೆದಿದ್ದಳು. ಮಂಡ್ಯದ ಬೆಲ್ಲದ ಮಂಡಿಯಲ್ಲಿ ಪುಟ್ಟರಾಜುವಿನ ಬೆಲ್ಲವನ್ನು ವರ್ತಕರು ಮೂಸಿ ನೋಡಿಯೇ ಗುರುತು ಹಿಡಿಯುತ್ತಿದ್ದರು. ಬೇರೆ ಕಡೆಯ ಹಾಗೆ ಬಿಳುಪಿಗೆಂದು ಪುಡಿ ಹಾಕಿದ ಬೆಲ್ಲವಲ್ಲ ಅದು. ಜೇನಿನ ಬಣ್ಣ, ಬಾಯಿಗಿಟ್ಟರೆ ಕಬ್ಬಿನ ಗದ್ದೆಯ ನೆನಪು. ಆ ಬಣ್ಣಕ್ಕೂ ರುಚಿಗೂ ಕಾರಣ ಬೆಂಡೆ ಗಿಡದ ಲೋಳೆ. ಆ ಲೋಳೆಯನ್ನು ಯಾವಾಗ, ಎಷ್ಟು ಬಿಡಬೇಕೆಂಬುದು ಗೊತ್ತಿದ್ದದ್ದು ಮುದ್ದಮ್ಮನ ಕೈಗೆ.

ಕೆಲಸ ಹೇಳುವುದಕ್ಕೆ ಸುಲಭ. ಕಾಯಿ ಬಿಟ್ಟು ಮುಗಿದ ಬೆಂಡೆ ಗಿಡವನ್ನು ಬೇರು ಸಮೇತ ಕಿತ್ತು ತಂದು, ದಂಟು ಜಜ್ಜಿ, ನೀರಿನಲ್ಲಿ ನೆನೆಸಿ ಹಿಂಡಿದರೆ ಲೋಳೆ ಬರುತ್ತದೆ. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಬಿಸಿಯೇರುತ್ತಿರುವಾಗ ಅದನ್ನು ಬಿಟ್ಟರೆ ಹಾಲಿನೊಳಗಿನ ಕೊಳೆಯನ್ನೆಲ್ಲ ತಬ್ಬಿಕೊಂಡು ಮೇಲಕ್ಕೆ ಬರುತ್ತದೆ. ಆ ಕರಿ ಮಡ್ಡಿಯನ್ನು ಜಾಲರಿ ಸೌಟಿನಲ್ಲಿ ತೆಗೆದು ಚೆಲ್ಲಬೇಕು. ಸ್ವಲ್ಪ ಮುಂಚೆ ಬಿಟ್ಟರೆ ಲೋಳೆ ದಂಡ. ತಡವಾದರೆ ಮಡ್ಡಿ ಒಡೆದು ಹಾಲಿಗೇ ಸೇರಿಕೊಳ್ಳುತ್ತದೆ. ಈ ನಡುವಿನ ಗಳಿಗೆಯನ್ನು ಹಿಡಿಯುವುದನ್ನು ಅವಳಿಗೆ ಕಲಿಸಿದವಳು ಅತ್ತೆ ಸಣ್ಣತಾಯಮ್ಮ.

ಅತ್ತೆಯ ಕಾಲದಲ್ಲಿ ಅವರ ಕೇರಿಯ ಹೆಂಗಸರಿಗೆ ಆಲೆಮನೆಯ ಒಳಗೆ ಜಾಗವಿರಲಿಲ್ಲ. ಹೊರಗೆ ಹೊಂಗೆ ಮರದ ಕೆಳಗೆ ಕೂತು ದಂಟು ಜಜ್ಜುವುದು, ಲೋಳೆಯ ಮಡಕೆಯನ್ನು ಬಾಗಿಲಲ್ಲಿಟ್ಟು ಹಿಂದೆ ಸರಿಯುವುದು. ಒಂದು ದಿನ ಪುಟ್ಟರಾಜುವಿನ ತಂದೆಯ ಆಲೆಮನೆಯಲ್ಲಿ ಪಾಕ ನೋಡುವವನು ಚಳಿಜ್ವರ ಬಂದು ಕೊಪ್ಪರಿಗೆಯ ಪಕ್ಕದಲ್ಲೇ ಕುಸಿದ. ಹಾಲು ಬಿಸಿಯೇರುತ್ತಿತ್ತು. ಗದ್ದೆಯಿಂದ ಯಜಮಾನ ಓಡಿಬರುವಷ್ಟರಲ್ಲಿ, ಬಾಗಿಲಾಚೆಯಿಂದಲೇ ಹಾಲಿನ ಸದ್ದು ಕೇಳಿ ಗಳಿಗೆ ಅರಿತಿದ್ದ ಸಣ್ಣತಾಯಮ್ಮ ಮಡಕೆ ಎತ್ತಿಕೊಂಡು ನೇರ ಒಳಗೆ ನಡೆದು, ಲೋಳೆ ಬಿಟ್ಟು, ಸೌಟು ಹಿಡಿದು ನಿಂತಿದ್ದಳು. ಅವತ್ತಿನ ಬೆಲ್ಲ ಮಂಡಿಯಲ್ಲಿ ಎಲ್ಲಕ್ಕಿಂತ ಮೊದಲು ಹೋಯಿತು. ಯಜಮಾನ ಬಯ್ಯಲೂ ಇಲ್ಲ, ಹೊಗಳಲೂ ಇಲ್ಲ. ಮಾರನೆಯ ದಿನ ಸಣ್ಣತಾಯಮ್ಮ ಮಡಕೆಯನ್ನು ಬಾಗಿಲಲ್ಲಿ ಇಡಲಿಲ್ಲ, ಅಷ್ಟೆ. ಸೊಸೆಯಾಗಿ ಬಂದ ಮುದ್ದಮ್ಮ ಮೊದಲ ದಿನದಿಂದಲೇ ಒಳಗೆ ನಿಂತು ಕೆಲಸ ಕಲಿತಳು. “ನಮ್ಮತ್ತೆ ಒಂದ್ ಎಜ್ಜೆ ಇಟ್ಟಳು, ನಾನು ಆರಾಮಾಗಿ ನಡಕಂಡ್ ಬಂದೆ” ಎಂದು ಅವಳು ಹೇಳುತ್ತಿದ್ದಳು.

ಮುದ್ದಮ್ಮನ ಮಗಳು ಶೋಭಿತಾ ಬಿ.ಇಡಿ. ಓದುವಾಗ ಊರಿನ ಒಂದು ಕಸುಬಿನ ಬಗ್ಗೆ ಪಾಠ ತಯಾರಿಸಬೇಕಾಗಿ ಬಂತು. ಅವಳು ದೂರ ಹುಡುಕಿಕೊಂಡು ಹೋಗಲಿಲ್ಲ. ೨೦೧೯ರ ಸಂಕ್ರಾಂತಿಯ ಹಿಂದಿನ ವಾರ ಆಲೆಮನೆಗೆ ಬಂದು, ಅವ್ವ ಬೆಂಡೆ ದಂಟು ಜಜ್ಜುವುದರಿಂದ ಹಿಡಿದು ಬೆಲ್ಲ ಅಚ್ಚಿಗೆ ಬೀಳುವವರೆಗೆ ಹನ್ನೊಂದು ನಿಮಿಷದ ವಿಡಿಯೋ ಮಾಡಿದಳು. ಮುದ್ದಮ್ಮ ಕ್ಯಾಮೆರಾ ಮರೆತು, ತನ್ನ ಪಾಡಿಗೆ ತಾನು ವಿವರಿಸುತ್ತಾ ಹೋಗಿದ್ದಳು. ಶೋಭಿತಾ ಅದನ್ನು ಯೂಟ್ಯೂಬಿಗೆ ಹಾಕಿ, ಕಾಲೇಜಿನಲ್ಲಿ ತೋರಿಸಿ, ಒಳ್ಳೆಯ ಅಂಕ ಪಡೆದು ಮರೆತುಬಿಟ್ಟಳು. ನೋಡಿದವರು ಮುನ್ನೂರು ಚಿಲ್ಲರೆ ಜನ. ಅದರಲ್ಲಿ ಅರ್ಧ ಅವಳ ಸಹಪಾಠಿಗಳು.

ಮುಂದಿನ ವರ್ಷ ಕೊರೋನಾ ಬಂದು ಎಲ್ಲರೂ ಮನೆ ಸೇರಿದ್ದಾಗ ಆ ವಿಡಿಯೋದ ಕೆಳಗೆ ಯಾರೋ ಪರಭಾಷೆಯಲ್ಲಿ ಉದ್ದಕ್ಕೆ ಬರೆದರು. ಶೋಭಿತಾ ಅನುವಾದದ ಆ್ಯಪಿಗೆ ಹಾಕಿ ನೋಡಿದಳು. ಬರೆದವಳ ಹೆಸರು ಮರೀನಾ. ಕೊಲಂಬಿಯ ದೇಶದ ಬೆಟ್ಟದೂರೊಂದರಲ್ಲಿ ಅವಳ ಮನೆಯವರದು ನಾಲ್ಕು ತಲೆಮಾರಿನ ಆಲೆಮನೆ. ಅಲ್ಲಿ ಬೆಲ್ಲಕ್ಕೆ ಪನೇಲಾ ಅನ್ನುತ್ತಾರೆ. ‘ನಿಮ್ಮ ತಾಯಿ ಸೌಟು ಹಿಡಿಯುವುದು ಥೇಟ್ ನನ್ನ ಅಜ್ಜಿಯ ಹಾಗೆ. ಅವರು ಹಾಲಿಗೆ ಬಿಟ್ಟಿದ್ದು ಏನು?’ ಎಂದು ಅವಳು ಕೇಳಿದ್ದಳು.

ಬೆಂಡೆಗೆ ಇಂಗ್ಲಿಷಿನಲ್ಲಿ ‘ಲೇಡೀಸ್ ಫಿಂಗರ್’ ಎಂದು ಶಾಲೆಯಲ್ಲಿ ಕಲಿತಿದ್ದ ಶೋಭಿತಾ ಅದನ್ನೇ ಆ್ಯಪಿಗೆ ಕೊಟ್ಟಳು. ಆ್ಯಪು ಅದನ್ನು ಸ್ಪ್ಯಾನಿಷಿಗೆ ತಿರುಗಿಸಿ ಕಳಿಸಿತು. ಮಾರನೆಯ ಬೆಳಗ್ಗೆ ಉತ್ತರ ಬಂದಿತ್ತು: ‘ದೇವರೇ! ಹೆಂಗಸರ ಬೆರಳು ಹಾಕುತ್ತೀರಾ?’

ಶೋಭಿತಾ ಓದಿ ಹೇಳಿದಾಗ ಮುದ್ದಮ್ಮ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. “ಅಯ್ಯೋ ಪಾಪ, ಎದ್ರುಬುಟ್ಟವ್ಳೆ ಕಣೇ! ಗಿಡದ ಪಟ ಕಳ್ಸೇ ಮೊದ್ಲು, ಪೋಲೀಸಿಗೆ ಗೀಲೀಸಿಗೆ ಯೋಳ್ಬುಟ್ಟಾಳು.”

ಶೋಭಿತಾ ಹಿತ್ತಲಿನ ಬೆಂಡೆ ಗಿಡದ, ಜಜ್ಜಿದ ದಂಟಿನ ಪಟ ತೆಗೆದು, ಅದರ ಕೊಂಡಿಯನ್ನು ವಿಡಿಯೋದ ಕೆಳಗೆ ಹಾಕಿದಳು. ಮರೀನಾ ಈ ಸಲ ಇನ್ನೂ ಉದ್ದಕ್ಕೆ ಬರೆದಳು. ಅವರಲ್ಲಿ ಕಾದೀಯೊ ಅನ್ನುವ ಗಿಡವಂತೆ, ಅದರ ತೊಗಟೆಯನ್ನು ಜಜ್ಜಿ ನೀರಿಗೆ ಹಾಕಿ ಲೋಳೆ ತೆಗೆದು, ಹಾಲು ಬಿಸಿಯೇರುವಾಗ ಬಿಡುತ್ತಾರಂತೆ. ‘ಗಿಡ ಬೇರೆ, ಕೆಲಸ ಒಂದೇ. ಇದನ್ನು ನಿಮಗೆ ಯಾರು ಕಲಿಸಿದರು?’

“ನಮ್ಮತ್ತೆ ಅನ್ನು” ಎಂದಳು ಮುದ್ದಮ್ಮ. ಆಮೇಲೆ, “ಅಲ್ಲಾ ಸೋಬಿ, ಇಷ್ಟು ದೂರದವ್ರಿಗೂ ಇದೇ ಬುದ್ಧಿ ಒಳೀತಲ್ಲ” ಎಂದಳು. ಸಮುದ್ರದಾಚೆ ಒಂದು ಕೊಪ್ಪರಿಗೆಯ ಮುಂದೆ ತನ್ನಂಥವಳೇ ಒಬ್ಬಳು ಬೆವರು ಒರೆಸಿಕೊಳ್ಳುತ್ತಾ ನಿಂತಿದ್ದಾಳೆ ಎಂಬುದು ಅವಳಿಗೆ ತವರಿನಿಂದ ಯಾರೋ ಬಂದಷ್ಟು ಹಿತ ಕೊಟ್ಟಿತು.

ಹೀಗೆ ಗೆಳೆತನ ಕುದುರಿತು. ಮಾತು ವಿಡಿಯೋದ ಕೆಳಗಿನಿಂದ ವಾಟ್ಸಾಪಿಗೆ ಹೋಯಿತು. ಅಲ್ಲಿ ರಾತ್ರಿಯಾದಾಗ ಇಲ್ಲಿ ಬೆಳಗು. ಮುದ್ದಮ್ಮ ಹಾಲು ಕರೆದು ಬಂದು ಕೂರುವ ಹೊತ್ತಿಗೆ ಮರೀನಾ ಮಾತಾಡಿ ಕಳಿಸಿದ್ದು ಬಂದಿರುತ್ತಿತ್ತು. ಮರೀನಾ ಅನ್ನುವುದು ಮುದ್ದಮ್ಮನ ಬಾಯಲ್ಲಿ ಎರಡೇ ದಿನಕ್ಕೆ ಮಾರಮ್ಮ ಆಯಿತು. “ನಮ್ಮೂರ ದೇವ್ರ ಎಸ್ರೇ ಅಲ್ವಾ, ಕರೆಯಕ್ಕೂ ಚೆಂದ” ಎಂದಳು. ಮುದ್ದಮ್ಮನ ಮಂಡಿ ನೋವಿಗೆ ಮಾರಮ್ಮ ಯಾವುದೋ ಎಲೆಯ ಪಟ ಕಳಿಸಿದಳು. ಅವಳ ಸೊಸೆ ಬಾಣಂತಿಯಾದಾಗ ಮುದ್ದಮ್ಮ ಬೆಲ್ಲ, ಒಣಶುಂಠಿ, ಮೆಣಸು ಕುಟ್ಟಿ ಉಂಡೆ ಕಟ್ಟುವುದನ್ನು ಹೇಳಿಕೊಟ್ಟಳು. ಮುದ್ದಮ್ಮನ ಗಂಡ ಚೌಡಯ್ಯ ತೀರಿಕೊಂಡ ವಾರ ಮಾರಮ್ಮ ಏನೂ ಹೇಳದೆ, ತಮ್ಮ ಚರ್ಚಿನಲ್ಲಿ ಹಚ್ಚಿಟ್ಟ ಒಂದು ಮೇಣದ ಬತ್ತಿಯ ಪಟ ಕಳಿಸಿದಳು. ಮುದ್ದಮ್ಮ ಅದನ್ನು ಬಹಳ ಹೊತ್ತು ನೋಡಿದಳು.

೨೦೨೩ರ ಮಳೆಗಾಲದಲ್ಲಿ ಮಾರಮ್ಮನ ದನಿ ಎಂದಿನಂತಿರಲಿಲ್ಲ. ಶೋಭಿತಾ ಆಗ ಮದ್ದೂರಿನ ಒಂದು ಪ್ರೌಢಶಾಲೆಯಲ್ಲಿ ಟೀಚರಾಗಿದ್ದಳು. ಅವಳು ಬಸ್ಸಿನಲ್ಲೇ ಅನುವಾದ ಕೇಳಿಸಿಕೊಂಡು, ಮನೆಗೆ ಬಂದು ಅವ್ವನಿಗೆ ವಿವರಿಸಿದಳು. ಹೊರದೇಶದ ಒಂದು ಕಂಪನಿ ಯೂರೋಪಿನಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದೆ. ಗಿಡದ ದಂಟು, ತೊಗಟೆಗಳ ಲೋಳೆಯಿಂದ ಕಬ್ಬಿನ ಹಾಲು ತಿಳಿ ಮಾಡುವುದನ್ನು ತಾವೇ ಕಂಡುಹಿಡಿದಿದ್ದೇವೆ, ಆ ಹಕ್ಕು ತಮಗೇ ಬೇಕು ಎಂದು. ಅರ್ಜಿ ಹಾಕಿದ್ದು ೨೦೨೧ರಲ್ಲಿ, ಈಗ ಹೊರಗೆ ಬಂದಿದೆ. ಹಕ್ಕು ಸಿಕ್ಕಿಬಿಟ್ಟರೆ ಲೋಳೆ ಹಾಕಿ ಮಾಡಿದ ಬೆಲ್ಲವನ್ನು ಅಲ್ಲಿಗೆಲ್ಲ ಮಾರಬೇಕೆಂದರೆ ಆ ಕಂಪನಿಯ ಅಪ್ಪಣೆ ಬೇಕು.

ಮುದ್ದಮ್ಮನಿಗೆ ಮೊದಲು ನಗು ಬಂತು. “ಉಸಿರಾಡಕ್ಕೂ ಅಕ್ಕು ಬರುಸ್ಕತಾರಂತಾ? ಬುಡೇ ಅತ್ಲಾಗೆ.”

“ನಗೋ ವಿಷ್ಯ ಅಲ್ಲ ಕಣವ್ವ. ಅಲ್ಲಿ ಪನೇಲಾ ಮಾಡೋರೆಲ್ಲ ಸೇರ್ಕಂಡು ಅವ್ರ ಸರ್ಕಾರಕ್ಕೆ ಹೇಳವ್ರೆ. ಅವ್ರ ಸರ್ಕಾರ ನಮ್ಮ ದಿಲ್ಲಿಗೆ ಬರೀತದಂತೆ.”

ಸುದ್ದಿ ದಿಲ್ಲಿಗೆ ಹೋಗುವುದಕ್ಕಿಂತ ಮೊದಲು ವಾಟ್ಸಾಪ್ ಗುಂಪಿಗೆ ಹೋಯಿತು. ಹೋಬಳಿಯ ಹೆಸರಿನ ಗುಂಪೊಂದಿತ್ತು. ಅದರ ಅಡ್ಮಿನ್ ಶಶಿಧರ ಸಿಕ್ಕಿದ್ದನ್ನೆಲ್ಲ ಮುಂದಕ್ಕೆ ತಳ್ಳುವುದರಲ್ಲಿ ನಿಸ್ಸೀಮ. ಪತ್ರಿಕೆಯೊಂದರಲ್ಲಿ ಪೇಟೆಂಟಿನ ಬಗ್ಗೆ ನಾಲ್ಕು ಸಾಲು ಬಂದದ್ದೇ ತಡ, ಅವನು ಮುದ್ದಮ್ಮನ ವಿಡಿಯೋದಿಂದ ಒಂದು ಪಟ ಕಿತ್ತು, ಅದರ ಮೇಲೆ ಕೆಂಪಕ್ಷರದಲ್ಲಿ ಬರೆದು ಬಿಟ್ಟ: ‘ಮಂಡ್ಯ ಬೆಲ್ಲದ ಗುಟ್ಟು ವಿದೇಶಕ್ಕೆ! ಬಿಟ್ಟುಕೊಟ್ಟವರು ಯಾರು?’ ಮಧ್ಯಾಹ್ನದೊಳಗೆ ಅದು ಬಸರಾಳಿನವರೆಗೆ ತಲುಪಿತ್ತು. ಸಂಜೆ ಅದಕ್ಕೆ ಬಾಲ ಬೆಳೆದಿತ್ತು: ಮುದ್ದಮ್ಮ ವಿದೇಶದ ಹೆಂಗಸಿನಿಂದ ದುಡ್ಡು ತಗೊಂಡಿದ್ದಾಳೆ, ಮಗಳು ಕಂಪನಿಯ ಏಜೆಂಟು. ಯಾವ ಕಂಪನಿ, ಯಾವ ದೇಶ ಎಂದು ಯಾರೂ ಕೇಳಲಿಲ್ಲ. ಯಾರೋ ಮರೀನಾಳ ದೇಶದವರನ್ನೆಲ್ಲ ಕಳ್ಳರು ಎಂದು ಬರೆದರು. ಕೊಲಂಬಿಯದ ಜನ ಕೂಡ ನಮ್ಮ ಹಾಗೇ ಕಳಕೊಳ್ಳುವವರು ಎಂಬುದು ಯಾರ ತಲೆಗೂ ಹೋಗಲಿಲ್ಲ.

ಮುದ್ದಮ್ಮ ಅಂಗಡಿಗೆ ಹೋದರೆ ಮಾತು ನಿಲ್ಲುತ್ತಿತ್ತು. ಹನಕೆರೆಯಲ್ಲಿ ನೆಂಟರ ಮನೆಯ ಗೃಹಪ್ರವೇಶಕ್ಕೆ ಹೋದಾಗ, ಊಟದ ಪಂಕ್ತಿಯಲ್ಲಿ ಒಬ್ಬಳು, “ಏನ್ ಮುದ್ದಮ್ಮ, ಡಾಲರಲ್ಲಿ ಕೊಟ್ರಾ?” ಎಂದಳು. ಮುದ್ದಮ್ಮ ಕಲೆಸಿದ್ದ ಅನ್ನವನ್ನು ಹಾಗೇ ಎಲೆಯ ಮೇಲೆ ಬಿಟ್ಟು ಎದ್ದುಬಂದಳು. ಅವತ್ತು ಮನೆಗೆ ಬಂದವಳೇ, “ಸೋಬಿ, ಅದ ತಗ್ದಾಕು. ಆ ವಿಡಿಯಾನೇ ಬ್ಯಾಡ” ಎಂದಳು.

“ಅವ್ವಾ, ನೀನೇನ್ ತಪ್ಪು ಮಾಡಿದೀಯ?”

“ತಪ್ಪೋ ಒಪ್ಪೋ. ನಮ್ಮತ್ತೆ ಕಲ್ಸಿದ್ದ ನಾನು ಬೀದಿಗಾಕ್ದೆ ಅಂತಾರಲ್ಲ, ಅದ ಕೇಳಕ್ಕಾಯ್ತಿಲ್ಲ ಕಣೇ.”

ಶೋಭಿತಾ ಮೊಬೈಲಿನಲ್ಲಿ ಏನೋ ಒತ್ತಿ, “ಆಯ್ತು ಬುಡು, ಇನ್ಯಾರಿಗೂ ಕಾಣಲ್ಲ” ಎಂದಳು.

ಪುಟ್ಟರಾಜುವಿನ ಹತ್ತಿರವೂ ಜನ ಬಂದರು. ಅವಳನ್ನು ಕೆಲಸದಿಂದ ಬಿಡಿಸು ಎಂದು ಒಬ್ಬಿಬ್ಬರು ಹೇಳಿದರು. ಇದು ಗೊತ್ತಾಗಿ ಮುದ್ದಮ್ಮ ತಾನೇ ಅವನ ಮುಂದೆ ಹೋಗಿ ನಿಂತು, “ಪುಟ್ರಾಜಪ್ಪ, ನಾನೇ ಕೆಲ್ಸ ಬುಟ್ಬುಡ್ತೀನಿ. ನಿನ್ಗ್ಯಾಕೆ ಇಲ್ದ ರಾಮಾಣ್ಯ” ಎಂದಳು.

ಪುಟ್ಟರಾಜು ಗಾಣಕ್ಕೆ ಕಬ್ಬು ಕೊಡುತ್ತಿದ್ದವನು ಕೈ ನಿಲ್ಲಿಸಲಿಲ್ಲ. “ಮುದ್ದಕ್ಕ, ನಾನು ಚಡ್ಡಿ ಆಕಂಡ್ ಓಡಾಡ್ತಿದ್ದಾಗ ನಿಮ್ಮತ್ತೆ ಕೊಡೋ ಬಿಸಿ ಪಾಕ ತಿಂದು ನಾಲ್ಗೆ ಸುಟ್ಕತಿದ್ದೆ. ಯಾವನೋ ಮೊಬೈಲಲ್ಲಿ ಒದರ್ದ ಅಂತ ನಿನ್ನ ಕಳ್ಸಾನಾ? ಓಗು, ಹಾಲು ಕಾದದೆ ನೋಡು” ಎಂದ. ಮುದ್ದಮ್ಮ ಹೋಗಿ ನೋಡಿದಳು. ಹಾಲು ನಿಜವಾಗಿಯೂ ಕಾದಿತ್ತು. ಆ ಮಾತಿಗೆ ತಾನು ಎಷ್ಟು ಋಣಿ ಎಂದು ಹೇಳಲು ಅವಳಿಗೆ ಅವತ್ತು ಬಾಯಿ ಬರಲಿಲ್ಲ. ಲೋಳೆ ಬಿಡುವಾಗ ಕಣ್ಣೀರು ಕೊಪ್ಪರಿಗೆಗೆ ಬೀಳದ ಹಾಗೆ ಮುಖ ಆ ಕಡೆ ತಿರುಗಿಸಿಕೊಂಡಳು.

ಹದಿನೈದು ದಿನ ಕಳೆಯಿತು. ಒಂದು ಬೆಳಗ್ಗೆ ಆಲೆಮನೆಯ ಮುಂದೆ ಜೀಪು ನಿಂತಿತು. ಇಳಿದವಳು ಮೂವತ್ತೈದರ ಆಸುಪಾಸಿನ ಹೆಂಗಸು. ಹೆಸರು ದೀಪಿಕ, ಪೇಟೆಂಟಿನ ವಿಷಯ ನೋಡುವ ಕೇಂದ್ರ ಸರ್ಕಾರದ ಕಚೇರಿಯವಳು. ಮುದ್ದಮ್ಮ ವಿಚಾರಣೆಗೇ ಬಂದಿದ್ದಾರೆ ಎಂದುಕೊಂಡಳು. ಆದರೆ ದೀಪಿಕ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದು, “ಅಮ್ಮ, ನಾನೂ ಮಳವಳ್ಳಿಯವಳೇ. ಗಾಬ್ರಿ ಬ್ಯಾಡಿ. ಒಂದ್ ಉಂಡೆ ಬಿಸಿ ಬೆಲ್ಲ ಕೊಡ್ತೀರಾ?” ಎಂದಳು.

ಬೆಲ್ಲ ತಿನ್ನುತ್ತಲೇ ಅವಳು ವಿಷಯ ಹೇಳಿದಳು. ಕೊಲಂಬಿಯದ ಸರ್ಕಾರ ದಿಲ್ಲಿಗೆ ಬರೆದಿದೆ, ಎರಡೂ ದೇಶ ಸೇರಿ ಅರ್ಜಿಯನ್ನು ಎದುರಿಸಬೇಕೆಂದಿವೆ. ಅರ್ಜಿ ಬೀಳಬೇಕಾದರೆ ಒಂದೇ ದಾರಿ: ಈ ವಿಧಾನ ೨೦೨೧ಕ್ಕಿಂತ ಮುಂಚೆಯೇ ಲೋಕಕ್ಕೆ ಗೊತ್ತಿತ್ತು ಎಂದು ತಾರೀಖಿನ ಸಮೇತ ತೋರಿಸುವುದು. ತಲೆಮಾರುಗಳಿಂದ ಮಾಡುತ್ತಿದ್ದೇವೆ ಎಂದು ಬಾಯಲ್ಲಿ ಹೇಳಿದರೆ ಅಲ್ಲಿ ನಡೆಯುವುದಿಲ್ಲ. ಎಲ್ಲರ ಕಣ್ಣಿಗೂ ಬೀಳುವಂಥ ಕಡೆ ಇದ್ದಿರಬೇಕು. “ಕೊಲಂಬಿಯದವರ ಪತ್ರದಲ್ಲಿ ನಿಮ್ಮ ವಿಡಿಯೋದ ವಿಳಾಸ ಇತ್ತು. ೨೦೧೯ರದ್ದು. ಅದಕ್ಕಿಂತ ಒಳ್ಳೆ ಸಾಕ್ಷಿ ನಮ್ಗೆ ಸಿಗಾದಿಲ್ಲ. ಆದ್ರೆ ಹದಿನೈದು ದಿನದಿಂದ ಅದು ತೆಗೀತಾನೇ ಇಲ್ಲ. ಅದ್ಕೇ ಓಡ್ಬಂದೆ.”

ಮುದ್ದಮ್ಮ ಸೌಟು ಕೆಳಗಿಟ್ಟಳು. “ತಗ್ದಾಕ್ಬುಟ್ವಲ್ಲವ್ವ! ನಾನೇ ತಗ್ಸಿದ್ದು!”

ಶಾಲೆಯಿಂದ ಶೋಭಿತಾ ಬರುವವರೆಗೆ ಅವಳು ನೀರೂ ಕುಡಿಯಲಿಲ್ಲ. ಹೆದ್ದಾರಿಯ ಕಡೆಗೇ ನೋಡುತ್ತಾ ಹೊಂಗೆ ಮರದ ಕೆಳಗೆ ಕೂತಿದ್ದಳು. ಶೋಭಿತಾ ಬಂದು, ಮಾತು ಕೇಳಿ, ಅವ್ವನ ಮುಖ ನೋಡಿ ತಲೆ ತಗ್ಗಿಸಿದಳು.

“ಅವ್ವಾ, ನಾನು ಸುಳ್ಳು ಹೇಳಿದ್ದೆ. ಅಳಿಸಿಲ್ಲ. ಯಾರಿಗೂ ಕಾಣದಂಗೆ ಮರೆ ಮಾಡಿದ್ದೆ ಅಷ್ಟೆ. ಅಳಿಸಿದ್ರೆ ಕೆಳಗೆ ಮರೀನಾ ಬರೆದಿದ್ದೂ ಹೊರಟೋಗ್ತಿತ್ತು. ಕೈ ಬರ್ಲಿಲ್ಲ.”

ಮುದ್ದಮ್ಮ ಮಗಳ ಎರಡೂ ಕೆನ್ನೆ ಹಿಡಿದು, “ನೀ ಯೋಳಿದ್ ಸುಳ್ಗೆ ನಿನ್ ಬಾಯ್ಗೆ ಸಕ್ರೆ ಆಕ” ಎಂದಳು. ಆಲೆಮನೆಯ ಮುಂದೆ ನಿಂತು ಸಕ್ಕರೆ ಎಂದದ್ದಕ್ಕೆ ಪುಟ್ಟರಾಜು ನಕ್ಕುಬಿಟ್ಟ.

ದೀಪಿಕ ಎರಡು ದಿನ ಅಲ್ಲೇ ಸುತ್ತಾಡಿದಳು. ಶೋಭಿತಾ ಮತ್ತೆ ಎಲ್ಲರಿಗೂ ಕಾಣುವಂತೆ ಮಾಡಿದ ವಿಡಿಯೋದ ತಾರೀಖು, ಮರೀನಾ ಬರೆದ ತಾರೀಖು ಎಲ್ಲವನ್ನೂ ಕ್ರಮವಾಗಿ ದಾಖಲು ಮಾಡಿಕೊಂಡಳು. ಒಂದು ಥರ್ಮಾಮೀಟರು ತಂದಿದ್ದಳು. ಕಂಪನಿಯ ಅರ್ಜಿಯಲ್ಲಿ ಲೋಳೆ ಬಿಡಬೇಕಾದ ಕಾವನ್ನು ತಾವು ಪ್ರಯೋಗ ಮಾಡಿ ಕಂಡುಹಿಡಿದದ್ದು ಎಂದು ಅಂಕಿ ಕೊಟ್ಟು ಬರೆದಿದ್ದರು. ಮುದ್ದಮ್ಮ ಮೂರು ಸಲ, ಮೂರು ಕೊಪ್ಪರಿಗೆಗೆ, ತನ್ನ ಅಂದಾಜಿನಲ್ಲೇ ಲೋಳೆ ಬಿಟ್ಟಳು. ಮೂರು ಸಲವೂ ಕಾವು ಆ ಅಂಕಿಯ ಆಚೆ ಈಚೆ ಎರಡು ಡಿಗ್ರಿಯೊಳಗೇ ಇತ್ತು. ದೀಪಿಕ ಥರ್ಮಾಮೀಟರನ್ನೂ ಮುದ್ದಮ್ಮನನ್ನೂ ಒಮ್ಮೆ ನೋಡಿದಳು.

“ಅದೆಂಗೆ ಗೊತ್ತಾಗ್ತದಮ್ಮ?”

“ಹಾಲು ಮಾತಾಡ್ತಾ ಇರ್ತದೆ ಕಣವ್ವ. ಗುಳುಗುಳು ಅನ್ನಾದು ನಿಂತು ಸುಯ್ ಅಂತದೆ. ಆಗ.”

ವಿಚಾರಣೆ ನಡೆದದ್ದು ಮರುವರ್ಷದ ಮಾರ್ಚಿನಲ್ಲಿ, ಗ್ರಾಮ ಪಂಚಾಯ್ತಿಯ ಕಂಪ್ಯೂಟರಿನ ಮುಂದೆ. ಇಲ್ಲಿ ಸಂಜೆ ಆರು, ಯೂರೋಪಿನಲ್ಲಿ ಮಧ್ಯಾಹ್ನ, ಮಾರಮ್ಮನ ಊರಿನಲ್ಲಿ ಆಗಷ್ಟೆ ಬೆಳಗಾಗಿತ್ತು. ಕರೆಂಟು ಹೋದರೆ ಎಂದು ಪುಟ್ಟರಾಜು ತನ್ನ ಜನರೇಟರನ್ನು ಟ್ರಾಕ್ಟರಿನಲ್ಲಿ ಹೇರಿಕೊಂಡು ಬಂದು ಹೊರಗೆ ನಿಲ್ಲಿಸಿದ್ದ. ಪರದೆಯಲ್ಲಿ ಐದಾರು ಚೌಕಗಳು. ಒಂದರಲ್ಲಿ ಮೂವರು ಅಧಿಕಾರಿಗಳು, ಒಂದರಲ್ಲಿ ಕಂಪನಿಯ ವಕೀಲ, ಒಂದರಲ್ಲಿ ಮಾರಮ್ಮ. ನಾಲ್ಕು ವರ್ಷದ ಗೆಳತಿಯರು ಮುಖಾಮುಖಿ ಕೂತದ್ದು ಅವತ್ತೇ ಮೊದಲು. ಮಾರಮ್ಮ ಕೈ ಬೀಸಿದಳು. ಮುದ್ದಮ್ಮ ಮೊದಲು ಕೈ ಮುಗಿದು, ಆಮೇಲೆ ತಾನೂ ಬೀಸಿದಳು.

ವಕೀಲನ ವಾದ ಚುರುಕಾಗಿತ್ತು. ದೀಪಿಕ ಪಕ್ಕದಲ್ಲಿ ಕೂತು ಪಿಸುದನಿಯಲ್ಲಿ ಕನ್ನಡ ಮಾಡಿ ಹೇಳುತ್ತಿದ್ದಳು. ವಿಡಿಯೋ ಇರುವುದು ಕನ್ನಡದಲ್ಲಿ, ಲೋಕದ ಜನಕ್ಕೆ ಅದು ಅರ್ಥವಾಗುವುದಿಲ್ಲ. ಇನ್ನು ಕೆಳಗಿನ ಬರಹ ನೋಡಿದರೆ ಹೆಂಗಸರ ಬೆರಳಿನ ಮಾತಿದೆ. ಇದರಿಂದ ಯಾರಾದರೂ ಈ ವಿಧಾನವನ್ನು ತಿಳಿಯಲು ಸಾಧ್ಯವೆ?

ಪಂಚಾಯ್ತಿ ಕೋಣೆಯಲ್ಲಿ ಶೋಭಿತಾ ಹಣೆ ಹಿಡಿದುಕೊಂಡಳು. ಆದರೆ ಅಧಿಕಾರಿಗಳಲ್ಲಿ ಹಿರಿಯಳಾಗಿದ್ದ ಹೆಂಗಸು ಮಾರಮ್ಮನ ಕಡೆ ತಿರುಗಿದಳು. ಮಾರಮ್ಮ ತನ್ನ ಭಾಷೆಯಲ್ಲಿ ನಿಧಾನವಾಗಿ ಹೇಳಿದಳು: ‘ಬೆರಳು ಎಂದು ಓದಿ ಹೆದರಿದ್ದು ನಿಜ. ಮಾರನೆಯ ದಿನವೇ ಗಿಡದ ಪಟ ಬಂತು. ಅದರ ಕೆಳಗೆ ನಾನು ನಮ್ಮ ಕಾದೀಯೊ ಗಿಡದ ಬಗ್ಗೆ ಬರೆದದ್ದು ಇದೆ, ತಾರೀಖು ನೋಡಿ. ವಿಡಿಯೋದ ಒಂದು ಮಾತೂ ನನಗೆ ಅರ್ಥವಾಗಿರಲಿಲ್ಲ. ಆದರೂ ಅವಳು ಏನು ಮಾಡುತ್ತಿದ್ದಾಳೆಂದು ಪೂರ್ತಿ ತಿಳಿಯಿತು. ಬೆಲ್ಲ ಬೇಯಿಸುವವರಿಗೆ ಕಣ್ಣು ಸಾಕು.’

ಆಮೇಲೆ ಮುದ್ದಮ್ಮನನ್ನು ಕೇಳಿದರು, ಈ ಕೆಲಸ ಎಷ್ಟು ಕಾಲದಿಂದ ಗೊತ್ತು ಎಂದು. ಅವಳು ಹೇಳಿದಳು: “ನಂಗೆ ನಮ್ಮತ್ತೆ ಕಲ್ಸಿದ್ರು. ಅವ್ರಿಗೆ ಅವ್ರತ್ತೆ. ಅದ್ಕೂ ಮುಂಚಿಂದು ನಂಗೊತ್ತಿಲ್ಲ. ನಾವು ಯಾರ್ಗೂ ಬಚ್ಚಿಟ್ಟಿಲ್ಲ, ಕೇಳ್ದೋರಿಗೆಲ್ಲ ಯೋಳ್ಕೊಟ್ಟಿದೀವಿ. ಕಂಪ್ನಿಯೋರು ಬಂದು ಕೇಳಿದ್ರೂ ಯೋಳ್ಕೊಡ್ತಿದ್ದೆ. ನಮ್ದೇ ಅಂತ ಬರುಸ್ಕಬ್ಯಾಡಿ ಅಂತ ಅಷ್ಟೇ ನಾ ಕೇಳಾದು.”

ದೀಪಿಕ ಅದನ್ನು ಇಂಗ್ಲಿಷಿಗೆ ತಿರುಗಿಸಿದಳು. ಹಿರಿಯ ಅಧಿಕಾರಿ ತಲೆಯಾಡಿಸಿ ಬರೆದುಕೊಂಡಳು.

ತೀರ್ಮಾನ ಬರಲು ಐದು ತಿಂಗಳು ಹಿಡಿಯಿತು. ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ದೀಪಿಕ ಫೋನು ಮಾಡಿದಳು. ಅರ್ಜಿ ವಜಾ ಆಗಿತ್ತು. ತೀರ್ಪಿನ ಕಾಗದದಲ್ಲಿ ಮುದ್ದಮ್ಮನ ವಿಡಿಯೋ ಮತ್ತು ಮರೀನಾಳ ಬರಹ ಎರಡನ್ನೂ ಹೆಸರಿಸಿದ್ದರು. ಶಶಿಧರನ ಗುಂಪಿನಲ್ಲಿ ಅರ್ಧ ಗಂಟೆಯೊಳಗೆ ಅದೇ ಪಟ ಬಂತು. ಈ ಸಲ ಅಕ್ಷರ ಹಸಿರು: ‘ಮಂಡ್ಯದ ಹೆಮ್ಮೆಯ ಮಗಳು!’ ಹಳೆಯ ಮಾತು ಯಾರೂ ಎತ್ತಲಿಲ್ಲ. ಶೋಭಿತಾಗೆ ಮೈಯೆಲ್ಲ ಉರಿಯಿತು.

“ಬುಡೇ, ಅವ್ನೂ ನಮ್ಮೂರೋನೇ” ಎಂದಳು ಮುದ್ದಮ್ಮ. “ಗಾಳಿ ಬಂದ ಕಡೆ ತೂರ್ಕತಾನೆ. ನಮ್ಗೆ ಆದ ಉಪಕಾರ ಎಣ್ಸು, ಅದೇ ಬೆಟ್ಟದಷ್ಟದೆ.” ಅವಳು ನಿಜವಾಗಿಯೂ ಎಣಿಸತೊಡಗಿದಳು. ಜನರೇಟರು ಹೊತ್ತು ತಂದ ಪುಟ್ಟರಾಜು. ಸುಳ್ಳು ಹೇಳಿ ವಿಡಿಯೋ ಉಳಿಸಿದ ಮಗಳು. ಹೊತ್ತು ಹುಟ್ಟುವಾಗಲೇ ಎದ್ದು, ಒಳ್ಳೆಯ ರವಿಕೆ ತೊಟ್ಟು ತನಗಾಗಿ ಸಾಕ್ಷಿ ಹೇಳಿದ ಮಾರಮ್ಮ. ಸರ್ಕಾರಿ ನೌಕರಿಯ ಹೆಣ್ಣುಮಗಳು ಚಪ್ಪಲಿ ಬಿಟ್ಟು ಒಳಗೆ ಬಂದದ್ದು. ಎಣಿಸುತ್ತಾ ಎಣಿಸುತ್ತಾ ಒಬ್ಬೊಬ್ಬರ ಹೆಸರಿಗೂ ಒಂದೊಂದು ಅಚ್ಚು ಬೆಲ್ಲ ಎತ್ತಿಟ್ಟಳು. ಶಶಿಧರನಿಗೂ ಒಂದು ಕಳಿಸಿದಳು.

ಇಂಥ ಜಗಳ ಮತ್ತೆ ಬಾರದಿರಲೆಂದು ಎರಡೂ ಸರ್ಕಾರಗಳು ತಮ್ಮ ಹಳೆಯ ಕಸುಬುಗಳ ವಿವರವನ್ನು ಸೇರಿ ದಾಖಲಿಸುವ ಮಾತಾಡಿಕೊಂಡವು. ಮೊದಲ ನಮೂನೆ ತುಂಬಲು ದೀಪಿಕ ಮತ್ತೆ ಆಲೆಮನೆಗೆ ಬಂದಳು. ‘ಅರಿವು ಉಳ್ಳವರ ಹೆಸರು’ ಎಂಬ ಕಡೆ ಅವಳ ಪೆನ್ನು ನಿಂತಿತು. ಯಜಮಾನ ಪುಟ್ಟರಾಜು ಎದುರಿಗೇ ಇದ್ದ. ಆಲೆಮನೆ ಅವನದು, ಗದ್ದೆ ಅವನದು, ಲೈಸೆನ್ಸು ಅವನ ಹೆಸರಿನಲ್ಲಿ.

“ನನ್ ಕಡೆ ಯಾಕ್ ನೋಡ್ತೀರಿ ಮೇಡಂ” ಎಂದ ಪುಟ್ಟರಾಜು. “ನಂದು ಕೊಪ್ರಿಗೆ. ಕೈ ಇವ್ರದು. ಬರ್ಕಳಿ, ಮುದ್ದಮ್ಮ ಅಂತ.”

ಮುದ್ದಮ್ಮ ಹೊರಗೆ ಹೊಂಗೆ ಮರದ ಕೆಳಗಿನ ಜಜ್ಜುವ ಕಲ್ಲನ್ನು ನೋಡಿದಳು. ನಡುವೆ ತಗ್ಗು ಬಿದ್ದ ಕಲ್ಲು ಅದು. “ಮೊದ್ಲು ಸಣ್ಣತಾಯಮ್ಮ ಅಂತ ಬರ್ಕಳವ್ವ. ಜಾಗ ಮಿಕ್ಕಿದ್ರೆ ನನ್ನೆಸ್ರು” ಎಂದಳು. ದೀಪಿಕ ಎರಡನ್ನೂ ಬರೆದಳು. ಜಾಗ ಸಾಕಾಯಿತು. ಮುದ್ದಮ್ಮ ಪುಟ್ಟರಾಜುವಿನ ಕಡೆ ತಿರುಗಿ, ಒಂದು ವರ್ಷದಿಂದ ಬಾಯಿಗೆ ಬಾರದಿದ್ದ ಮಾತನ್ನು ಹೇಳಿದಳು: “ನಿಂದು ದೊಡ್ ಮನ್ಸು ಕಣಪ್ಪ. ಚೆನ್ನಾಗಿರು.” ಅವನು, “ಸರಿ ಸರಿ, ಮೇಡಂಗೆ ಕಬ್ಬಿನಾಲು ಕೊಡು” ಎಂದು ಹೊರಗೆ ಹೋಗಿಬಿಟ್ಟ.

ಆ ವರ್ಷದ ಕೊನೆಗೆ ಮಾರಮ್ಮನಿಗೆ ಬೆಂಡೆ ಲೋಳೆಯಲ್ಲೇ ಒಂದು ಕೊಪ್ಪರಿಗೆ ಮಾಡಿ ನೋಡುವ ಆಸೆ ಹುಟ್ಟಿತು. ಮುದ್ದಮ್ಮ ಬೆಂಡೆ ಬೀಜವನ್ನು ಬಟ್ಟೆಯಲ್ಲಿ ಕಟ್ಟಿ ಅಂಚೆಗೆ ಹಾಕಲು ಹೊರಟಾಗ, ಹೊರದೇಶಕ್ಕೆ ಬೀಜ ಕಳಿಸಲು ಪರೀಕ್ಷೆ, ಪರವಾನಗಿ ಎಲ್ಲ ಬೇಕೆಂದು ದೀಪಿಕ ತಡೆದಳು. “ಬೀಜಕ್ಕೂ ಪಾಸ್‌ಪೋರ್ಟಾ ತಾಯಿ!” ಎಂದು ಮುದ್ದಮ್ಮ ಬೆರಗಾದಳು. ಕೊನೆಗೆ ತಮ್ಮದೇ ದೇಶದ ಸಮುದ್ರದ ಕಡೆ ಬೆಂಡೆ ಬೆಳೆಯುತ್ತಾರೆಂದು ಮಾರಮ್ಮ ಪತ್ತೆಮಾಡಿ, ಹನ್ನೆರಡು ಗಂಟೆ ಬಸ್ಸಿನಲ್ಲಿ ಒಂದು ಹೊರೆ ದಂಟು ತರಿಸಿದಳು.

ಭಾನುವಾರ ಬೆಳಗ್ಗೆ ಅವಳ ವಿಡಿಯೋ ಕರೆ ಬಂತು. ಅವರ ಕೊಪ್ಪರಿಗೆ ಇನ್ನೂ ದೊಡ್ಡದು, ಒಲೆಯಲ್ಲಿ ಕಬ್ಬಿನ ಸಿಪ್ಪೆಯ ಉರಿ ಧಗಧಗಿಸುತ್ತಿತ್ತು. ಮಾರಮ್ಮ ಲೋಳೆಯ ಪಾತ್ರೆ ಹಿಡಿದು, ಬಿಡಲೇ ಎಂಬಂತೆ ಪರದೆಯ ಕಡೆ ನೋಡಿದಳು. ಮುದ್ದಮ್ಮ ಮೊಬೈಲನ್ನು ಕಿವಿಯ ಹತ್ತಿರ ಹಿಡಿದು, ಕಣ್ಣು ಮುಚ್ಚಿ, ಆ ದೂರದ ಹಾಲಿನ ಸದ್ದು ಕೇಳಿದಳು. ಗುಳುಗುಳು ಇನ್ನೂ ನಿಂತಿರಲಿಲ್ಲ. ಅವಳು ಮೊಬೈಲನ್ನು ಮುಖದ ಮುಂದೆ ಹಿಡಿದು ಕೈ ಅಡ್ಡ ಆಡಿಸಿದಳು.

“ತಡ್ಕೊ ಮಾರಮ್ಮ. ಉರಿ ಕಮ್ಮಿ ಮಾಡ್ಸು, ಇಲ್ದಿದ್ರೆ ಗಳ್ಗೆ ತಪ್ಪೋಯ್ತದೆ. ನಾ ಯೋಳ್ತೀನಿ, ತಡ್ಕೊ.”